ಔರಾದಿನ ಡಬ್ಬಿ

ಅದೇ ಡಬ್ಬಿಯೋ, ಅದರಂಥದೇ ಇನ್ನೊಂದೋ? ಸ್ಟೀಲಿನ ಡಬ್ಬಿಗಳೆಲ್ಲ ಅಂಗಡಿಯಲ್ಲಿ ಒಂದೇ ಥರ ಕೂತಿರುತ್ತವೆ. ಬಗ್ಗಿದ ಹಿಡಿಕೆಯೊಂದನ್ನು ನಂಬಿ ಇದು ಅದೇ ಎನ್ನುವುದು ಹೇಗೆ? ಅದೇ ಆಗಿದ್ದರೆ ಈ ಮನೆಯಲ್ಲಿ ಇರಬಾರದಿತ್ತು. ಯಾವತ್ತೋ ಹೊರಗೆ ಹೋಗಿರಬೇಕಿತ್ತು.

ಸ್ಟೂಲಿನ ಮೇಲೆ ನಿಂತು, ಅಟ್ಟದೊಳಗೆ ತಲೆ ತೂರಿಸಿಕೊಂಡಿದ್ದ ಶ್ರೀಪಾದನಿಗೆ ಧೂಳು ಮೂಗಿಗೆ ಹೋಗಿದ್ದೂ ಗೊತ್ತಾಗಲಿಲ್ಲ.

"ರೀ, ಅಲ್ಲೇ ನಿದ್ದಿ ಹತ್ತಿತೇನ್ರಿ?" ಕೆಳಗಿನಿಂದ ಹೆಂಡತಿ ಸ್ನೇಹಲ ಕೂಗಿದಳು.

"ಹತ್ಲಿ ಬಿಡ್ರಿ ಬಾಯಿ," ಎಂದ ಬಣ್ಣ ಹಚ್ಚಲು ಬಂದಿದ್ದ ಹಬೀಬ. "ಸರ್ ಅಟ್ಟ ಖಾಲಿ ಮಾಡೋತನಕ ನಾ ಚಾ ಕುಡೀತ ಕುಂದರ್ತೇನಿ. ಈ ದೀಪಾವಳಿ ತಪ್ಪಿದ್ರ ಮುಂದಿನ ದೀಪಾವಳಿಗಿ ಹಚ್ಚೋಣಂತ."

ಬೀದರಿನ ಚಿದ್ರಿಯ ಆ ಮನೆಯ ಅಟ್ಟ ಎಷ್ಟೋ ವರ್ಷಗಳ ನಂತರ ಬಿಚ್ಚಿಕೊಂಡಿತ್ತು. ಪಂಪು ಹೊಡೆಯುವ ಸ್ಟೋವ್ ಇಳಿದು ಬಂತು, ಬೆನ್ನು ಒಡೆದ ರೇಡಿಯೋ ಬಂತು, ತುಕ್ಕು ಹಿಡಿದ ಕಂಪಾಸ ಪೆಟ್ಟಿಗೆ ಬಂತು. ಅದರೊಳಗೆ ಹಲ್ಲಿನ ಗುರುತಿದ್ದ ಪೆನ್ಸಿಲ್ಲಿನ ತುಂಡೊಂದು ಹಾಗೇ ಇತ್ತು. ಮಗಳು ಭಕ್ತಿ ಆ ಪೆನ್ಸಿಲ್ಲನ್ನೇ ಒಂದು ಕ್ಯಾಸೆಟ್ಟಿನ ತೂತಿಗೆ ಹಾಕಿ ಗರಗರ ತಿರುಗಿಸಿ, "ಪಪ್ಪಾ, ಇದು ಹಾಡೂದು ಯಾವಾಗ?" ಎಂದು ಕೇಳುತ್ತಿದ್ದಳು. ಸ್ನೇಹಲ ಒಂದೊಂದನ್ನೂ ಒರೆಸಿ, ಫೋಟೊ ತೆಗೆದು, ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಿದ್ದಳು. ಬೆಳಗಿನಿಂದ ಗುಂಪಿನಲ್ಲಿ ನಗುವೇ ನಗು. ಆ ಸ್ಟೋವು ಯಾರ ಹುಬ್ಬು ಸುಟ್ಟಿತ್ತು ಎಂಬುದರ ಮೇಲೆ ಜಗಳವೂ ಎದ್ದಿತ್ತು.

ಶ್ರೀಪಾದ ಡಬ್ಬಿ ಹಿಡಿದು ಇಳಿದ. ಮುಚ್ಚಳದ ಧೂಳನ್ನು ಹೆಬ್ಬೆರಳಿನಿಂದ ಸರಿಸಿದ. ಚುಕ್ಕಿ ಚುಕ್ಕಿಯಾಗಿ ಕೊರೆದ ಮರಾಠಿ ಅಕ್ಷರ ಕಂಡವು: ಸೌ. ಸುಭದ್ರಾಬಾಯಿ ಗೋರಖನಾಥ ಕಾಂಬಳೆ, ಔರಾದ.

ಅದೇ.

"ಇದರದೂ ತೆಗೀತೇನಿ, ಹಿಂಗ ಹಿಡೀರಿ," ಎಂದು ಸ್ನೇಹಲ ಮೊಬೈಲು ಎತ್ತಿದಳು.

"ಇದು ಬ್ಯಾಡ," ಎಂದ. ಅವಳು ಅವನ ಮುಖ ನೋಡಿ ಮೊಬೈಲು ಇಳಿಸಿದಳು.

ಕಾಲೇಜಿನಲ್ಲಿ ಇತಿಹಾಸ ಕಲಿಸುವ ಶ್ರೀಪಾದ, ಭಾಲ್ಕಿಯಲ್ಲಿ ಡಿಗ್ರಿ ಓದುವಾಗ ಕೈಲಾಶ ಕಾಂಬಳೆಯ ಜೊತೆ ಒಂದೇ ಖೋಲಿಯಲ್ಲಿದ್ದ. ವಾರಕ್ಕೊಮ್ಮೆ ಔರಾದಿನ ಬಸ್ಸು ಬರುವ ಹೊತ್ತಿಗೆ ಇಬ್ಬರೂ ಸ್ಟ್ಯಾಂಡಿನಲ್ಲಿ ಹಾಜರು. ಕಂಡಕ್ಟರ್ ಸೀಟಿನ ಕೆಳಗಿನಿಂದ ಬಟ್ಟೆ ಸುತ್ತಿದ ಡಬ್ಬಿ ಎಳೆದು ಕೊಡುತ್ತಿದ್ದ. ಒಳಗೆ ಕೈಲಾಶನ ತಾಯಿ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ; ಬೆಳ್ಳುಳ್ಳಿಯ ಘಮ ಬಟ್ಟೆಯಿಂದಲೇ ಹೊರಗೆ ಬರುತ್ತಿತ್ತು. ಡಬ್ಬಿ ಎರಡು. ಒಂದು ಬಂದರೆ ಇನ್ನೊಂದು ಖಾಲಿಯಾಗಿ ಅದೇ ಬಸ್ಸಿನಲ್ಲಿ ಹಿಂದಕ್ಕೆ. ಒಮ್ಮೆ ಶ್ರೀಪಾದ ಜ್ವರದಿಂದ ಎದ್ದು ಬೀದರಿಗೆ ಹೊರಟಾಗ, "ಬಾಯಿ ರುಚಿ ಕೆಟ್ಟಿರ್ತದ, ಮನ್ಯಾಗ ಎಲ್ಲರೂ ತಿನ್ರಿ," ಎಂದು ಕೈಲಾಶ ತುಂಬಿದ ಡಬ್ಬಿಯನ್ನೇ ಚೀಲಕ್ಕೆ ಹಾಕಿದ್ದ.

ಮನೆಯಲ್ಲಿ ಆಗ ಅಜ್ಜಿ ಇದ್ದಳು. ಮುಚ್ಚಳದ ಹೆಸರು ಓದಿದಳು, ಜಾತಿ ಹೇಳುವ ಅಡ್ಡಹೆಸರಿನ ಮೇಲೆ ಬೆರಳು ನಿಲ್ಲಿಸಿದಳು. ಬೈಯಲಿಲ್ಲ. "ಜಾನಕಿ, ಇದನ್ನ ಹಿತ್ತಲದಾಗ ಇಡು," ಎಂದಳು ಅಷ್ಟೆ. ಆಯಿ, ಅವನ ತಾಯಿ, ಒಯ್ದರು. ಆಮೇಲೆ ಆ ಡಬ್ಬಿ ಯಾರ ಕಣ್ಣಿಗೂ ಬೀಳಲಿಲ್ಲ. ಶ್ರೀಪಾದ ಕೇಳಲಿಲ್ಲ. ಭಾಲ್ಕಿಗೆ ಬರಿಗೈಯಲ್ಲಿ ಹೋದಾಗ ಕೈಲಾಶನೂ ಕೇಳಲಿಲ್ಲ. ಒಂದೇ ಡಬ್ಬಿ ಉಳಿದಿದ್ದರಿಂದ ಒಂದು ವಾರ ಹಿಂಡಿ, ಒಂದು ವಾರ ಇಲ್ಲ. ಇಲ್ಲದ ವಾರ ಇಬ್ಬರೂ ರೊಟ್ಟಿಗೆ ಉಪ್ಪಿನಕಾಯಿ ಹಚ್ಚಿಕೊಂಡು ಬೇರೆ ಏನೋ ಮಾತಾಡುತ್ತಿದ್ದರು. ಓದು ಮುಗಿಯಿತು, ಮಾತೂ ತೆಳ್ಳಗಾಗುತ್ತ ಬಂತು. ಈಗ ಕೈಲಾಶ ಔರಾದಿನಲ್ಲೇ ದನದ ಡಾಕ್ಟರರ ಆಫೀಸಿನಲ್ಲಿದ್ದಾನೆ ಎಂದು ಯಾರೋ ಹೇಳಿದ್ದರು. ಹಬ್ಬಕ್ಕೆ ಮೊಬೈಲಿನಲ್ಲಿ ಒಂದು ದೀಪದ ಚಿತ್ರ ಅತ್ತಿಂದ ಬರುತ್ತಿತ್ತು, ಒಂದು ಇತ್ತಿಂದ ಹೋಗುತ್ತಿತ್ತು.

"ಒಳಗ ಏನದ ಪಪ್ಪಾ?" ಭಕ್ತಿ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. "ಸಪ್ಪಳನೇ ಇಲ್ಲ. ಆದ್ರ ಖಾಲಿ ಇದ್ದಂಗ ಅನಸಂಗಿಲ್ಲ."

ಮುಚ್ಚಳ ಬಿಗಿದುಕೊಂಡಿತ್ತು. ಹಬೀಬ ಹಳೇ ಬಣ್ಣ ಕೆರೆಯುವ ತನ್ನ ಪಟ್ಟಿಯ ತುದಿಯಿಂದ ಸುತ್ತಲೂ ಮೀಟಿದ. ತೆರೆದುಕೊಂಡಾಗ ಮೊದಲು ಬಂದದ್ದು ಕರ್ಪೂರದ ವಾಸನೆ. ಒಳಗೆ ಅಂಚಿನವರೆಗೂ ಹೂಬತ್ತಿ. ಬಿಳಿ ಹೋಗಿ ಹಳದಿಯಾದ, ಬೆರಳಲ್ಲಿ ಹೊಸೆದ ಬತ್ತಿಗಳು.

ಹಿತ್ತಲಿಗೆ ಹೋದ ಡಬ್ಬಿಯಲ್ಲಿ ದೇವರ ಬತ್ತಿ ಹೇಗೆ ಬಂತು? ಇಡೀ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಒಬ್ಬರೇ. ಜಾನಕಿಬಾಯಿ ಪಡಸಾಲೆಯಲ್ಲಿ ಕೂತು ಅವಲಕ್ಕಿ ಆರಿಸುತ್ತಿದ್ದರು.

"ಆಯಿ, ಇದು..."

"ಸಿಕ್ತೇನು?" ಅವರು ತಲೆ ಎತ್ತದೆ ಅಂದರು. "ದೇವರ ಮನಿ ಹೊಸದಾಗಿ ಕಟ್ಟಿಸಿದಾಗ ಹಳೇ ಸಮಯಿ ದೀಪ, ತಾಟು ಎಲ್ಲಾ ಗಂಟು ಕಟ್ಟಿ ಮ್ಯಾಲ ಒಗದ್ರಿ. ಅದರಾಗ ಹೋಗಿತ್ತು. ಎಷ್ಟು ಹುಡುಕಿದೆ."

"ದೇವರ ಮನ್ಯಾಗ ಇತ್ತಾ?"

"ಮತ್ತೆಲ್ಲಿ? ಅತ್ತಿ ಇರೋತನಕ ಹಿತ್ತಲದಾಗ ಇತ್ತು. ಅವರು ಹೋದ ಮ್ಯಾಲ ತೊಳದು ಒಳಗ ತಂದೆ. ಬತ್ತಿ ಹಾಕಲಿಕ್ಕಿ ಅಂಥ ಬಿಗಿ ಡಬ್ಬಿ ಈ ಮನ್ಯಾಗ ಇನ್ನೊಂದಿಲ್ಲ."

"ಮತ್ತ ಹಿಂಡಿ?"

ಜಾನಕಿಬಾಯಿ ಈಗ ತಲೆ ಎತ್ತಿದರು. ಸೊಸೆ ಎಲ್ಲಿದ್ದಾಳೆ ಎಂದು ಒಮ್ಮೆ ನೋಡಿದರು. "ತಿಂದೆ. ದಿನಾ ಬಟ್ಟಿ ಒಣಗ ಹಾಕಲಿಕ್ಕಿ ಹೋದಾಗ ಒಂದೀಟು. ನಿಂತಕೊಂಡೇ ತಿಂದೆ, ಯಾರರ ಬಂದಾರು ಅಂತ. ಅಂಥ ಹಿಂಡಿ ನಾ ಕುಟ್ಟಿಲ್ಲಪಾ ಇವತ್ತಿನತನಕ."

"ಅಜ್ಜಿ ಕಳ್ಳಿ!" ಎಂದಳು ಭಕ್ತಿ.

"ಹೂಂ, ನಿನ್ನ ಅಜ್ಜಿನೇ."

"ಹಂಗಾದ್ರ ತಿರುಗಿ ಯಾಕ ಕಳಿಸ್ಲಿಲ್ಲ ಆಯಿ?"

"ಮಂದಿ ಮನಿ ಡಬ್ಬಿ ಖಾಲಿ ಹ್ಯಾಂಗ ಕಳಿಸೂದು? ಅತ್ತಿ ಮುಂದ ತುಂಬಲಿಕ್ಕಿ ಆಗ್ಲಿಲ್ಲ. ಆಮ್ಯಾಲ ಪ್ರತಿ ದೀಪಾವಳಿಗಿ ಅಕ್ಕಿ-ಬೆಲ್ಲದ ಅನಾರಸ ಕರಿಯುವಾಗ ಅಂದ್ಕೊಂಡೆ, ನೀ ಒಮ್ಮಿ ಕೇಳ್ತಿ, ಕೇಳಿದ ಕೂಡಲೇ ತುಂಬಿ ಕೊಡಬೇಕಂತ. ನೀ ಕೇಳಲೇ ಇಲ್ಲ. ಆ ಹುಡುಗನ ಹೆಸರೂ ಎತ್ತಲಿಲ್ಲ. ನಿನಗ ಆ ಗೆಳೆತನ ಬ್ಯಾಡಾತೇನೋ ಅಂತ ನಾನೂ ಸುಮ್ನಾದೆ."

ಆಯಿ ಆಗಲೇ ಕೇರುವುದಕ್ಕೆ ಮೊರ ಎತ್ತಿಕೊಂಡಿದ್ದರು. "ಅಕ್ಕಿ ನೆನಸೇನಿ. ಹಬ್ಬದ ಮರುದಿನ ಒಯ್ಯಿ," ಎಂದರು.

ಹಬ್ಬದ ಮರುದಿನ ಅವನು ಸ್ಕೂಟರು ತೆಗೆದ. ಔರಾದಿಗೆ ಸೀದಾ ರಸ್ತೆಯಿದ್ದರೂ ಭಾಲ್ಕಿಯ ಮೇಲಿಂದ ಹೋದ. ಯಾಕೆಂದು ಅವನಿಗೂ ಸರಿಯಾಗಿ ತಿಳಿಯಲಿಲ್ಲ. ಖೋಲಿ ಇದ್ದ ಕಡೆ ಮೊಬೈಲು ರಿಪೇರಿಯ ಅಂಗಡಿಯಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದು ಚಹಾ ಕುಡಿದ. ಔರಾದಿನ ಬಸ್ಸು ಬಂದಾಗ ಕಂಡಕ್ಟರನ ಸೀಟಿನ ಕೆಳಗೆ ಕಣ್ಣು ತಾನಾಗಿ ಹೋಯಿತು. ಅಲ್ಲಿ ಯಾರದೋ ಡಬ್ಬಿಯಿತ್ತು. ಇದು ಇನ್ನೂ ನಡೆದಿದೆ ಎಂದು ಅವನಿಗೆ ವಿಚಿತ್ರ ಸಂತೋಷವಾಯಿತು. ಕೈಲಾಶ ಮನೆಯೊಳಗೆ ಕರೆಯುತ್ತಾನೋ, ಹೊಸ್ತಿಲಲ್ಲೇ ಡಬ್ಬಿ ಇಸಿದುಕೊಂಡು ಕಳಿಸುತ್ತಾನೋ ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿತ್ತು.

ಬಾಗಿಲು ತೆರೆದ ಕೈಲಾಶನ ಹೊಟ್ಟೆ ಮುಂದೆ ಬಂದಿತ್ತು, ಕೂದಲು ಹಿಂದೆ ಹೋಗಿತ್ತು. ಅವನು ಮೊದಲು ನೋಡಿದ್ದು ಶ್ರೀಪಾದನ ಮುಖವನ್ನಲ್ಲ, ಕೈಯಲ್ಲಿದ್ದ ಡಬ್ಬಿಯನ್ನು.

"ಲೇ, ನನ್ನ ಮದವಿಗಿ ಬರಲಿಲ್ಲ, ಮಗಳಿಗಿ ಹೆಸರಿಡೂ ಬಾರಸಿಗಿ ಬರಲಿಲ್ಲ. ಡಬ್ಬಿ ಕೊಡಲಿಕ್ಕಿ ಬಂದಿ?"

"ಒಳಗ ಕರೀತಿಯೋ, ಇಲ್ಲೇ ಬೈತಿಯೋ?"

"ಎರಡೂ ಮಾಡ್ತೇನಿ, ಬಾ."

ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ದಿವಾನಿನ ಮೇಲೆ ಅವನ ತಾಯಿ ಸುಭದ್ರಾಬಾಯಿ. ಅವರು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. "ಇದರ ಜೋಡಿ ಒಂಟಿ ಆಗಿ ಕುಂತದ ನೋಡು ಅಡಗಿ ಮನ್ಯಾಗ," ಎಂದರು. ಮುಚ್ಚಳ ತೆಗೆದು ಅನಾರಸ ಮುರಿದು ಬಾಯಿಗಿಟ್ಟರು.

"ಹ್ಯಾಂಗ ಆಗ್ಯಾದ ಮಾವಶಿ?"

"ಬೆಲ್ಲ ಕಮ್ಮಿ ಬಿದ್ದದ. ನಿನ್ನ ಆಯಿಗಿ ಹೇಳು," ಎಂದು ಇನ್ನೊಂದು ತೆಗೆದುಕೊಂಡರು.

ಚಹಾ ಬಂತು. ಕೈಲಾಶ ಬಸಿಯಲ್ಲಿ ಚಹಾ ಸುರುವಿಕೊಂಡು ಊದಿದ. ಊದುತ್ತಲೇ ಕೇಳಿದ: "ಅವ್ವ ವಾರಾ ವಾರಾ ಕೇಳ್ತಿದ್ಲು, ಡಬ್ಬಿ ಎಲ್ಲದ ಅಂತ. ನಿನ್ನ ಕೇಳಬೇಕಂತ ಎಷ್ಟೋ ಸಲ ಬಾಯಿತನಕ ಬಂತು. ನೀ ಏನು ಉತ್ತರ ಕೊಡ್ತಿಯೋ ಅಂತ ಅಂಜಿ ಕೇಳಲಿಲ್ಲ. ಈಗ ಕೇಳ್ತೇನಿ. ಎಲ್ಲಿತ್ತು ಇಷ್ಟು ದಿನ?"

"ಮೊದಲ ಹಿತ್ತಲದಾಗ," ಎಂದ ಶ್ರೀಪಾದ. "ಅಜ್ಜಿ ಇಡಿಸಿದ್ಲು. ಆಯಿ ಅಲ್ಲೇ ನಿಂತು ಹಿಂಡಿ ಎಲ್ಲಾ ಒಬ್ಬಾಕೇ ತಿಂದ್ಲಂತ. ಅಜ್ಜಿ ಹೋದ ಮ್ಯಾಲ ದೇವರ ಮನ್ಯಾಗ, ಬತ್ತಿ ಹಾಕಿ ಇಟ್ಟಿದ್ಲು."

ಕೈಲಾಶ ಬಸಿ ಕೆಳಗಿಟ್ಟ. ಸುಭದ್ರಾಬಾಯಿ ಡಬ್ಬಿ ಎತ್ತಿಕೊಂಡು ಮೆಲ್ಲಗೆ ಎದ್ದು ಒಳಗೆ ಹೋದರು. ನೀರಿನ ಸಪ್ಪಳ, ಆಮೇಲೆ ಒರಳಿನ ಸಪ್ಪಳ ಕೇಳಿತು.

"ಮಾವಶಿ, ಏನೂ ಬ್ಯಾಡ್ರಿ!"

"ಸುಮ್ನ ಕೂಡು," ಎಂದ ಕೈಲಾಶ. "ಖಾಲಿ ಕಳಸ್ತಾಳೇನು ಆಕಿ? ಈ ಸಲ ಲಗೂನ ತಂದು ಕೊಡು. ಇನ್ನೊಮ್ಮಿ ಇಷ್ಟು ವರ್ಷ ಕಾಯಲಿಕ್ಕಿ ಇಬ್ಬರಿಗೂ ವಯಸ್ಸಿಲ್ಲ."

ಸಂಜೆ ಚಿದ್ರಿಯ ಮನೆಯಲ್ಲಿ, ಹೊಸ ಬಣ್ಣದ ವಾಸನೆಯ ನಡುವೆ, ಜಾನಕಿಬಾಯಿ ಎಲ್ಲರ ಎದುರು ಕೂತು ಬಿಸಿ ರೊಟ್ಟಿಗೆ ಹಿಂಡಿ ಹಾಕಿಸಿಕೊಂಡು, ಎಣ್ಣೆ ಬಿಟ್ಟುಕೊಂಡು ತಿಂದರು. ಸ್ನೇಹಲ ಡಬ್ಬಿಯ ಫೋಟೊ ತೆಗೆಯಲೇ ಎಂದು ಕೇಳಿದಳು. ಶ್ರೀಪಾದ ತೆಗೆ ಅಂದ. ಬೆಲ್ಲ ಕಮ್ಮಿಯಾದ ಸುದ್ದಿಯನ್ನೂ ಹೇಳಿದ. ಆಯಿ ಸಿಟ್ಟಿಗೆದ್ದರು, ಭಕ್ತಿ ನಕ್ಕಳು.

ಆಯಿ ಆ ಡಬ್ಬಿಯನ್ನು ಅಂದೇ ಎಸೆದಿರಬೇಕೆಂದು ತಾನು ಇಷ್ಟು ವರ್ಷ ನಂಬಿದ್ದನ್ನು ಶ್ರೀಪಾದ ಕೈಲಾಶನಿಗೆ ಹೇಳಲಿಲ್ಲ, ಆಯಿಗೂ ಹೇಳಲಿಲ್ಲ.