ಮನೆಯವರು ಕೊನೆಗೆ

"ಇವರು ನಮ್ಮ ಅಜ್ಜಿ," ಎಂದು ಗುಂಡ ಎದೆಯುಬ್ಬಿಸಿ ಹೇಳಿದಾಗ ಟೀಚರಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಏಕೆಂದರೆ ಕುರ್ಚಿಯ ಮೇಲೆ ಕೂತಿದ್ದ ಇದೇ ಅಜ್ಜಿಯನ್ನು, ಕಂದು ಶಾಲು ಹೊದ್ದು ಎಡಗಣ್ಣು ಕಿರಿದು ಮಾಡಿ ನಗುವ ಇದೇ ಅಜ್ಜಿಯನ್ನು, ಈಗಷ್ಟೇ ಒಬ್ಬ ಹಲ್ಲುದುರಿದ ಹುಡುಗಿ "ನಮ್ಮಜ್ಜಿ" ಎಂದು ಪರಿಚಯ ಮಾಡಿಸಿ ಹೋಗಿದ್ದಳು. ಅವಳಿಗೂ ಮೊದಲು ಒಬ್ಬ ಕನ್ನಡಕದ ಹುಡುಗ.

ಅಲ್ಲಿಯವರೆಗೆ ಟೀಚರಮ್ಮ ಒಳ್ಳೆಯ ಮನಸ್ಸಿನಿಂದಲೇ ಯೋಚಿಸುತ್ತಿದ್ದಳು. ಅಕ್ಕತಂಗಿಯರ ಮಕ್ಕಳಿರಬೇಕು, ಒಂದೇ ಮನೆಯವರಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದಳು. ಈಗ ಗುಂಡನನ್ನೇ ಕೇಳಿದಳು, ಆ ಇಬ್ಬರೂ ನಿನಗೆ ಏನಾಗಬೇಕು ಎಂದು. ಗುಂಡ ಇಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಏನೂ ಆಗಬೇಕಿಲ್ಲ ಮಿಸ್. ಅವನ ಜೊತೆ ನಾನು ಟೂ ಬಿಟ್ಟಿದೀನಿ."

ಎರಡನೇ ಬೆಂಚಿನಿಂದ ಒಂದು ನಿಟ್ಟುಸಿರು ಬಂತು. ಎಂಟು ವರ್ಷದ ಹುಡುಗಿಯ ಎದೆಯಿಂದ ಎಂಬತ್ತು ವರ್ಷದ ನಿಟ್ಟುಸಿರು. ಕಿಟಕಿಯ ಪರದೆ ಅಲ್ಲಾಡಿದ್ದು ಅದರಿಂದಲೇ, ಗಾಳಿಯಿಂದಲ್ಲ. ಅದು ಚೂಟಿ. ಆ ಅಜ್ಜಿಯ ಮಗಳ ಮಗಳು, ಒಬ್ಬಳೇ ಮೊಮ್ಮಗಳು, ಇಡೀ ತರಗತಿಯಲ್ಲಿ ಆ ಅಜ್ಜಿಯನ್ನು ಅಜ್ಜಿ ಎನ್ನಲು ರಕ್ತಸಂಬಂಧದ ಹಕ್ಕಿದ್ದವಳು.

ಇದಕ್ಕೆಲ್ಲ ಮೂಲ ತರಗತಿಯ ಹಿಂದಿನ ಗೋಡೆಯ ಮೇಲಿದ್ದ ಮರ. ಕಂದು ಕಾಗದದ ಆ ಮರವನ್ನು ಟೀಚರಮ್ಮ ತಾನೇ ಕತ್ತರಿಸಿ ಅಂಟಿಸಿದ್ದಳು. ಫ್ಯಾನು ಹಾಕಿದರೆ ಅದು ಬೀಳುತ್ತಿತ್ತು, ಫ್ಯಾನು ಆರಿಸಿದರೆ ಮಕ್ಕಳು ಬೀಳುತ್ತಿದ್ದರು. ಮರದ ಮೇಲೆ ದೊಡ್ಡ ಅಕ್ಷರದಲ್ಲಿ 'ನಾವು ಯಾರ ಮನೆಯವರು?' ಎಂದು ಬರೆದಿತ್ತು. ಪ್ರತಿ ಮಗುವೂ ಮನೆಯ ಒಬ್ಬ ಹಿರಿಯರನ್ನು ಕರೆತರಬೇಕು, ಅವರಿಂದ ತಾನು ಕಲಿತದ್ದನ್ನು ಎಲ್ಲರೆದುರು ಮಾಡಿ ತೋರಿಸಬೇಕು, ಆಮೇಲೆ ಇಬ್ಬರೂ ಹಸಿರು ಬಣ್ಣದಲ್ಲಿ ಹೆಬ್ಬೆರಳು ಅದ್ದಿ ಕಾಗದದ ಎಲೆಯೊಂದರ ಮೇಲೆ ಒತ್ತಬೇಕು. ಒಂದು ಮಗು, ಒಬ್ಬ ಹಿರಿಯರು, ಒಂದು ಎಲೆ. ಇದಕ್ಕಿಂತ ಸರಳವಾದ ನಿಯಮ ಪ್ರಪಂಚ ಹುಟ್ಟಿದಾಗಿನಿಂದ ಯಾರೂ ಮಾಡಿರಲಿಲ್ಲ. ಅದನ್ನು ಕೆಡಿಸುವುದು ಮನುಷ್ಯಮಾತ್ರರಿಂದ ಸಾಧ್ಯವಿರಲಿಲ್ಲ.

ಆದರೆ ಈ ಅಜ್ಜಿ ಸಾಧಾರಣ ಮನುಷ್ಯಳಲ್ಲ. ಇಂಥ ಇನ್ನೊಬ್ಬಳನ್ನು ತೋರಿಸಿದರೆ ಮೀಸೆ ಬೋಳಿಸಿಕೊಳ್ಳಲು ಸಿದ್ಧ. ದುಡಿಯುವ ತಾಯಂದಿರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವುದು ಅವಳ ಕೆಲಸ. ಬೆಳಗಾದರೆ ಆಸ್ಪತ್ರೆಯ ನರ್ಸು ಒಂದು ಕೂಸನ್ನು, ಬಟ್ಟೆ ಕಾರ್ಖಾನೆಯ ಟೈಲರು ಇನ್ನೊಂದನ್ನು, ಹೀಗೆ ಬೀದಿಗೆ ಬೀದಿಯೇ ಬಂದು ಅವಳ ಮುಂದಿನ ಕೋಣೆಯಲ್ಲಿ ತಮ್ಮ ಕರುಳಬಳ್ಳಿಗಳನ್ನು ಇಳಿಸಿ ಬಸ್ಸು ಹತ್ತುತ್ತಿತ್ತು. ಆ ಕೋಣೆಯಲ್ಲಿ ಎದ್ದ ಅಳು ಮೂರು ಬೀದಿಯಾಚೆಯ ಹಾಲನ್ನು ಒಡೆಸುತ್ತಿತ್ತು. ಅಜ್ಜಿ ಜೋಗುಳ ಹಾಡುತ್ತಿರಲಿಲ್ಲ. ಮುಂಭಾಗದ ಎರಡು ಹಲ್ಲಿನ ನಡುವಿನ ಸಂದಿನಿಂದ ಮೆಲ್ಲಗೆ ಶಿಳ್ಳೆ ಹಾಕುತ್ತಿದ್ದಳು. ಅಷ್ಟೇ. ಕೂಸುಗಳು ಮಲಗುತ್ತಿದ್ದವು, ನಾಯಿಗಳು ಮಲಗುತ್ತಿದ್ದವು, ಬಾಗಿಲಿಗೆ ಬಂದ ಅಂಚೆಯವನೂ ಕಂಬಕ್ಕೊರಗಿ ತೂಕಡಿಸುತ್ತಿದ್ದ.

ಆ ಕೋಣೆಯಲ್ಲಿ ಎಲ್ಲವೂ ಪಾಳಿಯ ಪ್ರಕಾರ. ಯಾವ ಮಗುವಿನ ಅಮ್ಮ ಕಣ್ಣೆದುರಿಗಿಲ್ಲವೋ ಅದಕ್ಕೆ ಮೊದಲು. ಅವುಗಳಲ್ಲೂ ಅಳುವುದಕ್ಕೆ ಇನ್ನೂ ಮೊದಲು. ಸ್ವಂತ ಮೊಮ್ಮಗಳಿಗೆ ಕೊನೆಗೆ. "ನೀನು ಮನೆಯವಳು ಕಣೇ. ಮನೆಯವರು ಕೊನೆಗೆ," ಎನ್ನುತ್ತಿದ್ದಳು ಅಜ್ಜಿ, ಅದೊಂದು ದೊಡ್ಡ ಬಿರುದು ಎಂಬಂತೆ. ಆ ಬಿರುದಿನ ದೆಸೆಯಿಂದ ಚೂಟಿಗೆ ಹಾಲು ಸಿಗುವ ಹೊತ್ತಿಗೆ ಅದರ ಮೇಲೆ ಚಪ್ಪಲಿ ಹೊಲಿಯುವಷ್ಟು ದಪ್ಪ ಕೆನೆ ಕಟ್ಟಿರುತ್ತಿತ್ತು. ಆಟಿಕೆ ಸಿಗುವ ಹೊತ್ತಿಗೆ ಗಾಲಿ ಇರುತ್ತಿರಲಿಲ್ಲ. ಜಡೆಯ ಕಥೆಯಂತೂ ಕೇಳಲೇಬೇಡಿ. ಎಲ್ಲ ಕೂಸುಗಳೂ ಸುಮ್ಮನಾದ ಮೇಲೆ, ಶಾಲೆಯ ಗಂಟೆ ಹೊಡೆಯುವುದರೊಳಗೆ, ಹೊಸ್ತಿಲ ಮೇಲೆ ನಿಲ್ಲಿಸಿಕೊಂಡು ಅಜ್ಜಿ ಒಂದೇ ಉಸಿರಿಗೆ ಹೆಣೆದುಬಿಡುತ್ತಿದ್ದಳು. ಬೀದಿಯ ತಿರುವು ದಾಟುವುದರೊಳಗೆ ಅದು ಬಿಚ್ಚಿ, ಹಗ್ಗ ಕಿತ್ತ ಕರುವಿನ ಹಾಗೆ ಎತ್ತಲೋ ಹೋಗುತ್ತಿತ್ತು.

ಅದಕ್ಕೇ ಟೀಚರಮ್ಮ ಮರದ ವಿಷಯ ಹೇಳಿದ ದಿನವೇ ಚೂಟಿ ಓಡಿ ಬಂದು ಅಜ್ಜಿಯನ್ನು ಎಲ್ಲರಿಗಿಂತ ಮೊದಲು ಕಾಯ್ದಿರಿಸಿದ್ದಳು. ಅಜ್ಜಿ ಹೆಗಲ ಮೇಲಿನ ಕೂಸನ್ನು ತಟ್ಟುತ್ತ "ಆಯ್ತು ಪುಟ್ಟಾ" ಅಂದಿದ್ದಳು. ಏನು ತೋರಿಸಬೇಕೆಂಬುದೂ ಚೂಟಿಗೆ ಗೊತ್ತಿತ್ತು. ಆ ಶಿಳ್ಳೆ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು, ತುಟಿ ಒಡೆಯುವವರೆಗೆ ಅಭ್ಯಾಸ ಮಾಡಿ, ಅಜ್ಜಿಯದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕಲಿತಿದ್ದಳು. ಬೇರೆ ಯಾರಿಗೂ ಅದು ಬರುವುದಿಲ್ಲ ಎಂದು ನಂಬಿದ್ದಳು.

ಈಗ ಅದೇ ಕೋಣೆಯಲ್ಲಿ ಬೆಳೆದಿದ್ದ ಗುಂಡ ತುಟಿ ಚೂಪು ಮಾಡಿ ಅದೇ ಶಿಳ್ಳೆ ಹಾಕುತ್ತಿದ್ದ. ಸ್ವಲ್ಪ ಶ್ರುತಿ ತಪ್ಪಿತ್ತು, ಉಗುಳು ಹೆಚ್ಚಿತ್ತು, ಆದರೆ ಅದೇ. ಕನ್ನಡಕದವನೂ ಅದನ್ನೇ ಹಾಕಿದ್ದ. ಹಲ್ಲುದುರಿದವಳಿಗಂತೂ ಹಲ್ಲೇ ಇಲ್ಲದ್ದರಿಂದ ಎಲ್ಲರಿಗಿಂತ ಚೆನ್ನಾಗಿ ಬಂದಿತ್ತು.

ಶಿಳ್ಳೆ ಮುಗಿದ ಮೇಲೆ ಟೀಚರಮ್ಮ ಕುರ್ಚಿಯ ಬಳಿ ಬಂದು ಬಗ್ಗಿ ಕೇಳಿದಳು. ಅವಳ ದನಿಯಲ್ಲಿ ಮರ್ಯಾದೆ ಇತ್ತು, ತಾಳ್ಮೆ ತಳ ಕಂಡಿತ್ತು. "ಅಜ್ಜೀ, ನಿಜ ಹೇಳಿ. ನೀವು ಯಾರ ಅಜ್ಜಿ?"

"ಕೇಳಿದೋರಿಗೆಲ್ಲ ಕಣಮ್ಮಾ," ಅಂದಳು ಅಜ್ಜಿ. "ಇವನು ಬಂದು ಕೇಳಿದ, ಆಯ್ತು ಅಂದೆ. ಅವಳು ಕೇಳಿದಳು, ಅದಕ್ಕೂ ಆಯ್ತು ಅಂದೆ. ಮಗು ಬಂದು ನಮ್ಮಜ್ಜಿ ಆಗ್ತೀಯಾ ಅಂದ್ರೆ ಇಲ್ಲ ಅನ್ನೋಕೆ ನನಗೇನು ಬಾಯಿ ಬರುತ್ತಾ?"

"ಇನ್ನೂ ಯಾರಾದ್ರೂ ಕೇಳಿದಾರಾ?"

ಹಿಂದಿನ ಬೆಂಚಿನಲ್ಲಿ ಎರಡು ಕೈ ಮೇಲೆದ್ದವು. ಟೀಚರಮ್ಮ ಕಣ್ಣು ಮುಚ್ಚಿಕೊಂಡಳು. ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ತಮ್ಮ ಸರದಿಗಾಗಿ ಕಾಯುತ್ತಿದ್ದ ಹಿರಿಯರಲ್ಲಿ ಗಡಿಯಾರ ರಿಪೇರಿಯ ತಾತ ಒಬ್ಬರು. ಅವರು ಪಕ್ಕದವರಿಗೆ ಮಾತ್ರ ಹೇಳುವವರಂತೆ ಇಡೀ ತರಗತಿಗೆ ಕೇಳುವಂತೆ ಗೊಣಗಿದರು. "ಅದೃಷ್ಟ ಬೇಕು ಬಿಡಿ. ನನ್ನನ್ನ ಕೇಳಿದವನು ಒಬ್ಬನೇ, ಅವನೂ ಚಾಕೊಲೇಟ್ ಆಸೆಗೆ."

ಮಕ್ಕಳು ಹೋ ಎಂದು ನಕ್ಕರು. ಪಕ್ಕದ ತರಗತಿಯ ಮೇಷ್ಟ್ರು ಬಂದು ಬಾಗಿಲಲ್ಲಿ ಇಣುಕಿ ಹೋದರು. ಶನಿವಾರ ತಂದೆತಾಯಂದಿರು ಬರುವುದರೊಳಗೆ ಗೋಡೆ ಹಸಿರಾಗಿರಬೇಕು ಎಂದು ಹೆಡ್‌ಮೇಷ್ಟ್ರು ದಿನಕ್ಕೆ ನೂರು ಸಲ ಹೇಳುತ್ತಿದ್ದುದು ಟೀಚರಮ್ಮನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಅವಳು ನಿಯಮವನ್ನು ಅಲ್ಲೇ ಕೈಬಿಟ್ಟಳು. ಸರಿ, ನಿಮ್ಮ ಸ್ವಂತ ಮೊಮ್ಮಕ್ಕಳು ಅಂತ ಇಲ್ಲಿ ಯಾರಾದರೂ ಇದ್ದಾರೆಯೇ ಎಂದಷ್ಟೇ ಕೇಳಿದಳು.

ಅಜ್ಜಿ ಗಲ್ಲವೆತ್ತಿ ತೋರಿಸಿದಳು. "ಅಗೋ, ಎರಡನೇ ಬೆಂಚು. ಮೂಗಿನ ತುದೀಲಿ ಕೋಪ ಕೂತಿದೆಯಲ್ಲ, ಅವಳು."

"ಹಾಗಾದ್ರೆ ಈಗ ಅವಳು ಬರಲಿ. ಮಿಕ್ಕವರು ಆಮೇಲೆ."

ಚೂಟಿ ಎದ್ದೇಬಿಟ್ಟಳು. ಬೆಂಚಿನಿಂದ ಒಂದು ಕಾಲು ಹೊರಗಿಟ್ಟೂ ಆಗಿತ್ತು. ಮುಖದ ಮೇಲಿನ ಕೋಪ ಇಳಿದು, ಅದರ ಜಾಗದಲ್ಲಿ ಇನ್ನೇನೋ ಬರುತ್ತಿತ್ತು.

"ಅವಳೆಲ್ಲಿ ಹೋಗ್ತಾಳೆ ಬಿಡಮ್ಮಾ," ಅಂದಳು ಅಜ್ಜಿ. "ಮನೆಯವಳು. ಕೊನೆಗೆ ಬರ್ತಾಳೆ. ಮೊದಲು ಇವು ಮುಗಿಸ್ಕೊಳ್ಳಲಿ, ಪಾಪ."

ಚೂಟಿ ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡಳು. ಕೂತಳು. ಬಿಚ್ಚಿದ ಜಡೆಯ ತುದಿಯನ್ನು ಬಾಯಿಗಿಟ್ಟು ಕಚ್ಚತೊಡಗಿದಳು.

ಹಿಂದಿನ ಬೆಂಚಿನ ಇಬ್ಬರೂ ಬಂದರು. ಇಬ್ಬರೂ ಶಿಳ್ಳೆಯೇ ಹಾಕಿದರು. ಒಬ್ಬ ಮಧ್ಯದಲ್ಲಿ ಮರೆತಾಗ ಅಜ್ಜಿಯೇ ಮುಂದಿನದನ್ನು ಎತ್ತಿಕೊಟ್ಟಳು, ಆಗ ಕಿಟಕಿ ಪಕ್ಕದ ಒಬ್ಬ ಹುಡುಗ ನಿಜವಾಗಿಯೂ ನಿದ್ದೆ ಹೋದ. ಆಮೇಲೆ ಗಡಿಯಾರದ ತಾತ, ಇನ್ನು ಕೆಲವರು. ಎಲೆಯ ಮೇಲೆ ಎಲೆ ಏರಿ ಮರ ತುಂಬಿತು. ಅಜ್ಜಿಯ ಹೆಬ್ಬೆರಳು ಮಣಿಕಟ್ಟಿನವರೆಗೂ ಹಸಿರಾಗಿ, ಮರದಿಂದಲೇ ಒಂದು ಕೊಂಬೆ ಮುರಿದು ತಂದು ಅಂಟಿಸಿದ ಹಾಗೆ ಕಾಣುತ್ತಿತ್ತು. ಬಟ್ಟಲಿನಲ್ಲಿ ಬಣ್ಣ ತಳ ಮುಟ್ಟಿತ್ತು. ಗಂಟೆ ಹೊಡೆಯುವ ಹೊತ್ತಾಗಿತ್ತು. ಆಗ ಚೂಟಿಯ ಪಾಳಿ ಬಂತು.

ಅವಳು ಕುರ್ಚಿಯ ಪಕ್ಕ ನಿಂತಳು. ಅಜ್ಜಿಯ ಕಡೆ ನೋಡಲಿಲ್ಲ. ಟೀಚರಮ್ಮ ದನಿಯನ್ನು ಬೆಣ್ಣೆ ಮಾಡಿಕೊಂಡು, ಇವರು ಯಾರು ಹೇಳು ಪುಟ್ಟಾ ಅಂದಳು.

"ಇವರು ಗುಂಡನ ಅಜ್ಜಿ," ಅಂದಳು ಚೂಟಿ. "ಆಮೇಲೆ ಅವನ ಅಜ್ಜಿ, ಅವಳ ಅಜ್ಜಿ, ಹಿಂದಿನ ಬೆಂಚಿನವರ ಅಜ್ಜಿ. ನಮ್ಮಜ್ಜಿ ಬಂದಿಲ್ಲ ಮಿಸ್."

ಅಜ್ಜಿ ನಗಲು ಬಾಯಿ ತೆರೆದಳು. ನಗು ಅರ್ಧ ದಾರಿಯಲ್ಲಿ ನಿಂತಿತು. ಒತ್ತಲೆಂದು ಎತ್ತಿದ್ದ ಹಸಿರು ಹೆಬ್ಬೆರಳು ಹಾಗೇ ಗಾಳಿಯಲ್ಲಿ ಉಳಿಯಿತು. ಚೂಟಿ ಬಟ್ಟಲಿನ ತಳವನ್ನು ಕೆರೆದು ತನ್ನ ಹೆಬ್ಬೆರಳಿಗೆ ಬಣ್ಣ ಮಾಡಿಕೊಂಡಳು, ಎಲೆಯ ನಟ್ಟನಡುವೆ ಒಬ್ಬಳೇ ಒತ್ತಿದಳು, ಟೀಚರಮ್ಮನ ಕೈಗೆ ಕೊಟ್ಟಳು, ಬೆಂಚಿಗೆ ಹೋದಳು. ಶಿಳ್ಳೆ ಹಾಕಲಿಲ್ಲ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಭೂಮಿ ಬಾಯಿಬಿಟ್ಟ ಹಾಗೆ ಕೂಗುತ್ತ ಹೊರಗೆ ಓಡಿದರು, ಆ ಗದ್ದಲದಲ್ಲಿ ಮರ ಮತ್ತೊಮ್ಮೆ ಬಿತ್ತು.

ಸಂಜೆ ಬಸ್ಸಿನ ಕೆಲಸ ಮುಗಿಸಿ ಬಂದ ಚೂಟಿಯ ಅಮ್ಮ ಕಂಡಕ್ಟರ್ ಚೀಲವನ್ನು ಮೊಳೆಗೆ ತಗುಲಿಸುವ ಮೊದಲೇ ಗುಂಡನ ಬಾಯಿಂದ ಇಡೀ ಕಥೆ ಕೇಳಿಯಾಗಿತ್ತು. ಅವಳು ಮೊದಲು ಮಗಳನ್ನು ಬೈದಳು, ದೊಡ್ಡವರಿಗೆ ಹಾಗೆಲ್ಲ ಅನ್ನುತ್ತಾರೆಯೇ ಎಂದು. ಆಮೇಲೆ ತಾಯಿಯನ್ನು ಬೈದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಮಾಡಿದವನು ಈ ಮನೆಯ ಎದುರಿನಲ್ಲೇ ಬಾಡಿಗೆಗಿದ್ದಿರಬೇಕು ಅಂದಳು. ಇಡೀ ದಿನ ಮುಂದೆ ಹೋಗಿ, ಮುಂದೆ ಹೋಗಿ ಎಂದು ಕೂಗಿ ಕೂಗಿ ಅವಳ ಗಂಟಲು ಎಂದೋ ಒಡೆದಿತ್ತು. ಹಾಗಾಗಿ ಬೈಗುಳವೂ ಟಿಕೆಟ್ ಕೇಳಿದಂತೆಯೇ ಕೇಳಿಸುತ್ತಿತ್ತು.

ಅಜ್ಜಿ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಹೆಬ್ಬೆರಳು ಉಜ್ಜುತ್ತ, ತಾನೇನು ಕಳ್ಳತನ ಮಾಡಿದೆನೇ ಎಂದಳು. ಮಕ್ಕಳು ಅಳುವಾಗ ಸ್ವಂತದ್ದು, ಪರರದ್ದು ಎಂದು ಲೆಕ್ಕ ಹಾಕುತ್ತ ಕೂರುವುದಕ್ಕಾಗುತ್ತದೆಯೇ ಎಂದಳು.

"ಲೆಕ್ಕ ಹಾಕ್ತೀಯಲ್ಲಮ್ಮಾ," ಅಂದಳು ಮಗಳು. "ನಮ್ಮದು ಕೊನೆಗೆ ಅಂತ. ನನಗೂ ಹಾಗೇ ಮಾಡಿದ್ದೆ. ನಾನು ಯಾಕೆ ಕೂದಲು ಕತ್ತರಿಸ್ಕೊಂಡೆ ಅಂದ್ಕೊಂಡಿದೀಯ? ಫ್ಯಾಷನ್ನಿಗಾ?"

ಅಜ್ಜಿ ಮಗಳ ಕುತ್ತಿಗೆಯವರೆಗಿನ ಮೋಟು ಕೂದಲನ್ನು ನೋಡಿದಳು. ಎಷ್ಟೋ ವರ್ಷಗಳಿಂದ ದಿನವೂ ನೋಡುತ್ತಿದ್ದ ಕೂದಲೇ. ಮತ್ತೆ ಹೆಬ್ಬೆರಳು ಉಜ್ಜತೊಡಗಿದಳು. ಚೂಟಿ ಮೂಲೆಯಲ್ಲಿ ಕೂತು, ಪುಸ್ತಕ ತಲೆಕೆಳಗಾಗಿ ಹಿಡಿದು ಓದುತ್ತಿದ್ದಳು.

ಮರುದಿನ ಬೆಳಗ್ಗೆ ಅಮ್ಮ ಮೊದಲ ಬಸ್ಸಿಗೆ ಹೊರಟುಹೋದ ಮೇಲೆ ಅಜ್ಜಿ ಒಂದು ವಿಚಿತ್ರ ಮಾಡಿದಳು. ಸೂರ್ಯ ಹುಟ್ಟುವ ಮೊದಲೇ ಹಾರು ಹೊಡೆದಿರುತ್ತಿದ್ದ ಮುಂಬಾಗಿಲಿಗೆ ಚಿಲಕ ಹಾಕಿದಳು. ಆ ಚಿಲಕ ಹಗಲು ಹೊತ್ತಿನಲ್ಲಿ ಬಿದ್ದದ್ದು ಮನೆ ಕಟ್ಟಿದ ಮೇಲೆ ಅದೇ ಮೊದಲು. ಹಗಲಿನ ಅಭ್ಯಾಸವಿಲ್ಲದೆ, ಎರಡು ಸಲ ಗುದ್ದಿದ ಮೇಲೆ ಕೂತಿತು. ಆಮೇಲೆ ಬಾಚಣಿಗೆ ಹಿಡಿದು ಮಣೆಯ ಮೇಲೆ ಕೂತು, ಮುಂದಿನ ನೆಲವನ್ನು ಕೈಯಿಂದ ತಟ್ಟಿದಳು.

ಚೂಟಿ ಅನುಮಾನದಿಂದಲೇ ಬಂದು ಕೂತಳು. ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ಬಂತು, ಸಿಕ್ಕು ಸಿಕ್ಕಿದಲ್ಲಿ ನಿಂತಿತು, ಎಳೆಯದೆ ಬಿಡಿಸಿತು, ಮತ್ತೆ ನೆತ್ತಿಗೆ ಹೋಯಿತು. ಹೊರಗೆ ಚಪ್ಪಲಿಗಳ ಸದ್ದಾಯಿತು. ಬಾಗಿಲು ತಟ್ಟಿದರು. ನರ್ಸಿನ ದನಿ, ಟೈಲರಿನ ದನಿ, ಇದೇನಿದು ಇನ್ನೂ ಬಾಗಿಲು ತೆಗೆದಿಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು. ಒಂದು ಕೂಸು ರಾಗ ಎಳೆಯಿತು. ಅದನ್ನು ಕೇಳಿ ಉಳಿದವೂ ಸೇರಿದವು.

"ಅಜ್ಜಿ, ಬಾಗಿಲು," ಅಂದಳು ಚೂಟಿ.

"ಹ್ಞೂಂ."

"ಗುಂಡನ ತಮ್ಮ ಅಳ್ತಿದಾನೆ."

"ಅಳಲಿ," ಅಂದಳು ಅಜ್ಜಿ. ಬಾಚಣಿಗೆ ಹಿಡಿದ ಅವಳ ಕೈ ಒಮ್ಮೆ ಬಾಗಿಲ ಕಡೆ ಹೊರಳಿ ಮತ್ತೆ ನೆತ್ತಿಗೆ ಬಂತು. ಉಗುರಿನ ಸಂದಿನಲ್ಲಿ ಹಸಿರು ಇನ್ನೂ ಇತ್ತು.

ಚೂಟಿ ಸ್ವಲ್ಪ ಹೊತ್ತು ಸಹಿಸಿದಳು. ಬಾಗಿಲಾಚೆಯ ಅಳು ಏರುತ್ತಾ ಹೋಯಿತು, ಛಾವಣಿ ಹಾರಿಹೋಗುವಷ್ಟಾಯಿತು. "ಅಯ್ಯೋ ಅಜ್ಜಿ, ಅವನು ಹಾಗೆಲ್ಲ ತಾನಾಗೇ ನಿಲ್ಸಲ್ಲ," ಎಂದು ಬೇಸತ್ತು ಹೇಳಿ ಎಂಬತ್ತು ವರ್ಷದ ಆ ನಿಟ್ಟುಸಿರನ್ನು ಬಿಟ್ಟಳು. ಆಮೇಲೆ ತಲೆಯನ್ನು ಅಜ್ಜಿಯ ಕೈಯಲ್ಲೇ ಬಿಟ್ಟು, ಕುತ್ತಿಗೆಯನ್ನಷ್ಟೇ ಬಾಗಿಲ ಕಡೆ ಚಾಚಿ, ತುಟಿ ಚೂಪು ಮಾಡಿ ಶಿಳ್ಳೆ ಹಾಕತೊಡಗಿದಳು.

ಹೊರಗಿನ ಅಳು ಒಂದೊಂದಾಗಿ ಇಳಿಯಿತು. ಅಜ್ಜಿ ಜಡೆಯ ತುದಿಗೆ ಬಂದಿದ್ದಳು. ರಿಬ್ಬನ್ ಕೈಗೆತ್ತಿಕೊಂಡವಳು ಅದನ್ನು ಮತ್ತೆ ಮಡಿಲಿಗಿಟ್ಟು, ಹೆಣೆದ ಜಡೆಯನ್ನು ಮೆಲ್ಲಗೆ ಬಿಚ್ಚಿ, ನೆತ್ತಿಯಿಂದ ಇನ್ನೊಮ್ಮೆ ಬಾಚಲು ಶುರು ಮಾಡಿದಳು.