ನಾಲ್ಕು ಬಣ್ಣಗಳ ಕೆಳಗೆ

ಒಂದು ಹಳೆಯ ತಾಮ್ರದ ರೇಡಿಯೇಟರಿನ ಮೈಮೇಲೆ ಎಷ್ಟು ಬಣ್ಣಗಳಿದ್ದವು ಎಂಬ ಗಹನವಾದ ಪ್ರಶ್ನೆ ಆ ಮಂಗಳವಾರ ಮಧ್ಯಾಹ್ನ ಇತ್ಯರ್ಥವಾಯಿತು. ನಾಲ್ಕು. ಬೆಳ್ಳಿ, ಹಸಿರು, ಕೆಂಪು, ಎಲ್ಲಕ್ಕಿಂತ ಕೆಳಗೆ ಕಪ್ಪು. ಮೂರೇ ಎಂದು ರಿಪೇರಿ ಅಂಗಡಿಯವರ ಮನೆಯ ಅತ್ತೆ ಬೆಳಿಗ್ಗೆಯೇ ತೀರ್ಪು ಕೊಟ್ಟಿದ್ದರು. ಆದರೆ ಅವರು ಕನ್ನಡಕ ಹಾಕಿರಲಿಲ್ಲ.

ಅದನ್ನು ಗುಜರಿಯಿಂದ ತಂದವನು ಒಬ್ಬ ಡ್ರೈವರ್. ಅವನ ಕಾರು ಪ್ರತಿ ಏರಿನಲ್ಲೂ ಕುದಿದು ನಿಲ್ಲುತ್ತಿದ್ದುದರಿಂದ ಬೀದಿಯವರು ಅವನನ್ನು ಆಮೆ ಎನ್ನುತ್ತಿದ್ದರು. ಆಮೆ ಅದನ್ನು ರಿಪೇರಿ ಅಂಗಡಿಯ ಯಜಮಾನರ ಮುಂದಿಟ್ಟ. ಅವರು ಸೊಸೆಯ ಮುಂದಕ್ಕೆ ತಳ್ಳಿದರು. ಮಗನಿಗೆ ಬೆಂಕಿಯೆಂದರೆ ಆಗದು, ಬಟ್ಟೆ ಅಂಗಡಿ ಸೇರಿಕೊಂಡಿದ್ದ. ಹಾಗಾಗಿ ಕಸುಬು ಸೊಸೆಯ ಪಾಲಿಗೆ ಬಂದಿತ್ತು. ಪೂರ್ತಿ ಬಂದಿರಲಿಲ್ಲ. ಎರಡು ವರ್ಷದಿಂದ ಅವಳದು ಕೆರೆಯುವ, ತೊಳೆಯುವ ಕೆಲಸ ಮಾತ್ರ. ಬೆಸುಗೆ ಹಾಕುವ ಕಡ್ಡಿಯನ್ನು ಮಾವ ಮುಟ್ಟಗೊಡುತ್ತಿರಲಿಲ್ಲ.

“ಕೆರೆದು, ಗಾಳಿ ತುಂಬಿ ನೀರಿನ ತೊಟ್ಟಿಗೆ ಇಳಿಸು,” ಎಂದರು ಮಾವ. “ಒಂದೇ ಒಂದು ಗುಳ್ಳೆ ಬರದೇ ಇದ್ರೆ ನಾಳೆಯಿಂದ ಕಡ್ಡಿ ನಿಂದು. ಬಂತೋ, ಇನ್ನೊಂದು ವರ್ಷ ಬ್ರಷ್ ಹಿಡಿ. ಕೈ ಹದವಾಗಿದ್ರೆ ತೂತು ಯಾಕೆ ಬೀಳುತ್ತೆ?”

“ಕೇಳಿಸಿಕೊಂಡೆ,” ಎಂದರು ಅತ್ತೆ ಒಳಗಿನಿಂದ. “ಆಮೇಲೆ ಹಾಗಂದಿಲ್ಲ ಅನ್ಬೇಡಿ.”

ಬಿಸಿ ಸೋಡಾ ನೀರಿನಲ್ಲಿ ಬಣ್ಣ ಮೊದಲು ಬಿಗಿಹಿಡಿದುಕೊಂಡಿತ್ತು. ಆಮೇಲೆ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ಹಾಳೆ ಹಾಳೆಯಾಗಿ ಎದ್ದು ತೇಲತೊಡಗಿತು. ಸೊಸೆ ಮೆತ್ತನೆಯ ಬ್ರಷ್ಷಿನಿಂದ ಸವರುತ್ತ ಕೂತಳು. ಬೆಳ್ಳಿ ಬಣ್ಣದವನು ಅವಸರದ ಮನುಷ್ಯ, ಧೂಳಿನ ಮೇಲೆಯೇ ಬಳಿದಿದ್ದ. ಹಸಿರಿನವನ ಬ್ರಷ್ಷಿನ ಕೂದಲೊಂದು ಅಲ್ಲೇ ಉಳಿದಿತ್ತು. ಕೆಂಪಿನ ಸಂದಿನಲ್ಲಿ ಯಾವುದೋ ದಾರಿಯ ಹುಲ್ಲಿನ ಬೀಜ. ಒಳಗಿನ ಕೊಳವೆಗಳಲ್ಲಿ ಕಟ್ಟಿದ್ದ ಸುಣ್ಣಕ್ಕೆ ಅವಳು ನಿಂಬೆ ಉಪ್ಪಿನ ನೀರು ಹೊಯ್ದು ಕಿವಿಯಿಟ್ಟಳು. ಎಲ್ಲೆಲ್ಲಿಯ ನಲ್ಲಿ, ಬಾವಿಗಳ ನೀರೋ, ಇಪ್ಪತ್ತು ಮೂವತ್ತು ವರ್ಷ ಕಲ್ಲಾಗಿ ಕೂತದ್ದು, ಈಗ ಪಿಸುಗುಟ್ಟುತ್ತ ಕರಗುತ್ತಿತ್ತು. ಹೊತ್ತು ಹೋದದ್ದು ತಿಳಿಯಲಿಲ್ಲ. ಕಿಲುಬು ಬಿಟ್ಟಲ್ಲೆಲ್ಲ ತಾಮ್ರ, ಆಗತಾನೇ ನಿದ್ದೆಯಿಂದೆದ್ದವರ ಕೆನ್ನೆಯಂತೆ, ಬೆಚ್ಚಗೆ ಕೆಂಪಗೆ ಕಾಣಿಸಿಕೊಂಡಿತು.

ಒಂದು ಮೂಲೆಯಲ್ಲಿ ಮಾತ್ರ ಕಪ್ಪು ಬಣ್ಣ ಅಂಗೈಯಗಲ ಜಾಗದಲ್ಲಿ ದಪ್ಪಗೆ ಕೂತಿತ್ತು. ಅದರ ಅಂಚು ಎದ್ದಾಗ ಕೆಳಗೊಂದು ಬೆಸುಗೆ ಕಂಡಿತು. ಬೆಸುಗೆಯ ನಡುವೆ ಒಂದು ತಗ್ಗು. ಅವಳ ಕೈ ನಿಂತಿತು. ಬೆಸುಗೆ ಆರುವ ಮೊದಲು ಒದ್ದೆ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಒತ್ತುವವರು ಊರಿಗೆಲ್ಲ ಒಬ್ಬರೇ. “ಅದು ನಮ್ಮ ಅಂಗಡಿ ರುಜು,” ಎಂದು ಮಾವ ಗಿರಾಕಿಗಳಿಗೆ ಹೇಳದ ದಿನವಿಲ್ಲ. ರುಜುವಿನ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕಿತ್ತು. ಅದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದು ಬೆಸುಗೆಯಲ್ಲ, ಬಣ್ಣ.

ಎದ್ದ ಅಂಚನ್ನು ಒತ್ತಿ ಕೂರಿಸಿಬಿಟ್ಟರೆ ಗುಳ್ಳೆ ಬರದು. ಕಡ್ಡಿ ನಾಳೆಯೇ ಕೈಗೆ. ಅವಳು ಅಂಚಿನ ಮೇಲೆ ಬೆರಳಿಟ್ಟಳು. ಆದರೆ ಸುತ್ತ ಅಷ್ಟೂ ತಾಮ್ರ ಹೊಳೆಯುತ್ತಿತ್ತು, ಆ ಅಂಗೈಯಗಲ ಒಂದೇ ಕಪ್ಪು. ಬೆರಳು ಒತ್ತುವ ಬದಲು ಎಳೆಯಿತು. ಹಾಳೆ ಸದ್ದಿಲ್ಲದೆ ಬಂದು ನೀರಿನ ಮೇಲೆ ತೇಲಿತು.

ಬಾಯಿಗಳಿಗೆ ರಬ್ಬರು ಜಡಿದು, ಗಾಳಿ ತುಂಬಿ, ತೊಟ್ಟಿಗೆ ಇಳಿಸಿದರು. ಮೂಲೆಯಿಂದ ಒಂದು ಗುಳ್ಳೆ ಎದ್ದು, ಯಾವ ಅವಸರವೂ ಇಲ್ಲದೆ ಮೇಲೆ ಬಂತು. ಹಿಂದೆ ಇನ್ನೊಂದು.

“ಬಂತಲ್ಲ,” ಎಂದರು ಮಾವ. ಬಗ್ಗಿ ನೋಡಿ ಮುಖ ಸಿಂಡರಿಸಿದರು. “ನಿನ್ನ ಕೈದಲ್ಲ ಬಿಡು, ಹಳೇ ಬೆಸುಗೆ. ಯಾವ ಕಟುಕ ಹಾಕಿದ್ದೋ. ಆದ್ರೂ ಮಾತು ಮಾತೇ.”

“ಆ ಕಟುಕನ ಬೆಸುಗೆ ಮೇಲೆ ಹೆಬ್ಬೆರಳು ಇಟ್ಟು ನೋಡಿ ಮಾವ.”

ಇಟ್ಟರು. ಹಳೆಯ ಚಪ್ಪಲಿಗೆ ಕಾಲು ಹೋದಂತೆ ಹೋಗಿ ಕೂತಿತು. ತೆಗೆಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಅಳತೆ ಸರಿಯಾಗಿದೆಯಾ?” ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು. ಈ ಸಲ ಕನ್ನಡಕ ಹಾಕಿದ್ದರು.

“ಆಗ ಸಿಗ್ತಿದ್ದ ಸೀಸ ಸರಿ ಇರ್ಲಿಲ್ಲ.”

“ಸುಳ್ಳು. ಆಗ ನಿಮಗೆ ಸಿನಿಮಾಕ್ಕೆ ಹೊತ್ತಾಗಿತ್ತು, ಬಣ್ಣ ಬಳಿದು ಬಂದ್ರಿ. ಜೊತೇಲಿದ್ದದ್ದು ನಾನೇ.”

ಮಾವ ಕೈ ಒರೆಸಿಕೊಂಡರು. ಗುಳ್ಳೆಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.

ಮರುದಿನ ಬೆಳಿಗ್ಗೆ ಆ ಬಿರುಕಿಗೆ ಸೊಸೆ ಬೆಸುಗೆ ಹಾಕಿದಳು. ಸೋರಲಿಲ್ಲ.