ಇಷ್ಬೆಲ್ ರಟ್ರೇಯ ಎಡಗಣ್ಣು

ಯಾರು ಏನೇ ಕೇಳಲಿ, ಇಷ್ಬೆಲ್ ರಟ್ರೇ ಮೊದಲು ಅರ್ಧ ಉಸಿರು ಹೊರಬಿಟ್ಟು, ಉಳಿದರ್ಧವನ್ನು ಎದೆಯಲ್ಲೇ ತಡೆದು, ಆಮೇಲೆ ಉತ್ತರಿಸುತ್ತಿದ್ದಳು. ಆ ಮೌನದಲ್ಲಿ ಫೋನಿನ ಆಚೆಗಿದ್ದವರು ಲೈನು ಕಡಿಯಿತೆಂದು ಇಟ್ಟುಬಿಡುತ್ತಿದ್ದರು. ಚರ್ಚಿನ ಪಾದ್ರಿ ಅವಳಿಗೆ ಕಿವಿ ಮಂದವೆಂದೇ ಬಹುಕಾಲ ನಂಬಿದ್ದರು. ಟ್ರಿಗರ್ ಎಳೆಯುವ ಮುನ್ನ ಹಿಡಿಯಬೇಕಾದ ಉಸಿರು ಅವಳ ದಿನನಿತ್ಯದ ಮಾತಿಗೂ ಅಂಟಿಕೊಂಡಿತ್ತು.

ಕಡಲ ತಡಿಯ ಊರಾದ ಆರ್ಬ್ರೋತಿನ ನಮ್ಮ ರೈಫಲ್ ಕ್ಲಬ್ಬಿನಲ್ಲಿ ನಾನೊಬ್ಬ ಸಾಧಾರಣ ಗುರಿಕಾರ. ಅವಳು ಸ್ಕಾಟ್ಲೆಂಡಿನ ತಂಡಕ್ಕೆ ಹಲವು ವರ್ಷ ಆಡಿದವಳು. ಗಿಡ್ಡ ದೇಹ, ಅವಸರವನ್ನೇ ಅರಿಯದ ನಡಿಗೆ, ಮೊಣಕೈಗಳಿಗೆ ಚರ್ಮದ ತೇಪೆ ಹಾಕಿದ, ಎಣ್ಣೆಯ ವಾಸನೆ ಬಿಡದ ದಪ್ಪ ಕ್ಯಾನ್ವಾಸ್ ಕೋಟು. ಅದನ್ನು ತೊಟ್ಟು ಹುಲ್ಲಿನ ಮೇಲೆ ಬೋರಲು ಮಲಗಿದಳೆಂದರೆ ನೆಲದ್ದೇ ಒಂದು ಉಬ್ಬಿನಂತೆ ಕಾಣುತ್ತಿದ್ದಳು. ಪಕ್ಕದವರ ಅಂಕದತ್ತ ಅವಳು ಕಣ್ಣು ಹೊರಳಿಸಿದ್ದನ್ನು ನಾನು ಕಂಡಿಲ್ಲ.

ಒಂದು ಚಳಿಗಾಲದ ಅಭ್ಯಾಸದಲ್ಲಿ ಅವಳು ರೈಫಲನ್ನು ಪಕ್ಕಕ್ಕಿಟ್ಟು ಮಲಗಿಯೇ ಇದ್ದಳು. ಹತ್ತಿರ ಹೋದೆ.

"ಗುರಿಯ ಕಪ್ಪು ಬೊಟ್ಟು ಕಾಣ್ತಿಲ್ಲ ಕಣೋ. ಸುತ್ತಮುತ್ತ ಎಲ್ಲಾ ಇದೆ, ನಟ್ಟನಡುವೆ ಮಾತ್ರ ಹೊಗೆ."

ಬಲಗಣ್ಣಿನ ನಡುದೃಷ್ಟಿ ಹೋಗಿದೆ, ಮರಳದು ಎಂದರು ವೈದ್ಯರು. ಎಡಗಣ್ಣು ನಿರ್ಮಲವಾಗಿತ್ತು. ಆದರೆ ಗುರಿಕಾರರ ಹೆಗಲು, ಕೆನ್ನೆ, ತೋರುಬೆರಳು ಎಲ್ಲವೂ ಒಂದೇ ಕಣ್ಣಿನ ಊಳಿಗಕ್ಕೆ ಪಳಗಿರುತ್ತವೆ. ಕ್ಲಬ್ಬಿನಲ್ಲಿ ಬೀಳ್ಕೊಡುಗೆಯ ವಿಸ್ಕಿ ಸುರಿದೆವು. ಅವಳು ಗ್ಲಾಸನ್ನು ಎಡಗೈಯಲ್ಲಿ ಎತ್ತಿದಳು. ಅರ್ಧ ಮೇಜಿಗೆ ಚೆಲ್ಲಿತು. ಒರೆಸಲು ಹೋದ ನನ್ನನ್ನು ತಡೆದಳು.

"ಇರಲಿ ಬಿಡು. ಇವತ್ತು ಶುರು ಮಾಡಿದೀನಿ."

ಅಂದಿನಿಂದ ಗಂಜಿ ಕಲಕುವುದು, ಬೀಗ ತಿರುಗಿಸುವುದು, ತಲೆ ಬಾಚುವುದು, ಎಲ್ಲವೂ ಎಡಗೈಯಲ್ಲೇ. ಬಂದರಿನ ಬಳಿ ಹ್ಯಾಡಕ್ ಮೀನಿಗೆ ಹೊಗೆ ಹಾಕಿ ಮಾರುತ್ತಿದ್ದ ಅವಳ ತಮ್ಮ ಫರ್ಗಸ್ ಬೊಬ್ಬೆ ಹಾಕುತ್ತಿದ್ದ: "ಆ ಕೈಯಲ್ಲಿ ನನ್ನ ಚಾಕು ಮಾತ್ರ ಮುಟ್ಟಬೇಡ ಮಾರಾಯ್ತಿ! ಮೀನಿನ ಜೊತೆ ನನ್ನ ಬೆರಳೂ ಮಾರಾಟಕ್ಕೆ ಹೋದಾವು!"

ಮೈದಾನದಲ್ಲಿ ನಗುವುದಕ್ಕೇನೂ ಇರಲಿಲ್ಲ. ಒಂದು ಕಾಲಕ್ಕೆ ಗುಂಡಿನ ಮೇಲೆ ಗುಂಡು ಕೂರಿಸಿದವಳು ಈಗ ಎಡಗಣ್ಣಿನಲ್ಲಿ ಗುರಿಯಿಟ್ಟು ಹಲಗೆಯನ್ನೇ ತಪ್ಪಿಸುತ್ತಿದ್ದಳು. ತಪ್ಪಿತೆಂದು ಸಾರುವ ಕೆಂಪು ಬಾವುಟ ಹಲಗೆಗಳ ಬುಡದಲ್ಲಿ ಅಂಕ ಗುರುತಿಸುವವರು ಕೂರುವ ಕಂದಕದಿಂದ ಮತ್ತೆ ಮತ್ತೆ ಮೇಲೇಳುತ್ತಿತ್ತು. ನಾವು ಬೂಟಿನ ಲೇಸು ಕಟ್ಟಿಕೊಳ್ಳುವವರಂತೆ ಬಗ್ಗುತ್ತಿದ್ದೆವು. ಹೀಗೆ ಕೆಲವು ಚಳಿಗಾಲಗಳು ಕಳೆದವು. ನಿಧಾನವಾಗಿ ಬಾವುಟ ಏಳುವುದು ನಿಂತಿತು.

ರಾಷ್ಟ್ರೀಯ ತಂಡದ ಆಯ್ಕೆಯ ದಿನ ಕಡಲ ಗಾಳಿ ಹುಚ್ಚೆದ್ದಿತ್ತು. ಅವಳಿಗೆ ಉಳಿದದ್ದು ಒಂದೇ ಗುಂಡು, ತಂಡದಲ್ಲಿ ಉಳಿದದ್ದು ಒಂದೇ ಸ್ಥಾನ. ನಡುವಿನ ಕಪ್ಪಿಗೇ ತಾಗಬೇಕು. ರೈಫಲು ಎಡಹೆಗಲಿಗೇರಿತು. ಗಾಳಿಯ ದಿಕ್ಕು ತೋರುವ ಬಾವುಟಗಳು ಒಮ್ಮೆಗೇ ಜೋತುಬಿದ್ದವು.

"ಹೊಡಿಯೇ, ಈಗ ಹೊಡಿ," ಫರ್ಗಸ್ ನನ್ನ ತೋಳು ಹಿಂಡುತ್ತ ಪಿಸುಗುಟ್ಟಿದ.

ಅವಳು ಟ್ರಿಗರಿನಿಂದ ಬೆರಳು ತೆಗೆದಳು.

"ಕೆಟ್ಟಳಲ್ಲಪ್ಪಾ! ಹೊತ್ತು ಮೀರ್ತಿದೆ!" ಎಂದ ಫರ್ಗಸ್.

ಮರುಗಳಿಗೆಯೇ ಗಾಳಿ ಎದುರು ದಿಕ್ಕಿನಿಂದ ಅಪ್ಪಳಿಸಿತು. ಹೊಡೆದಿದ್ದರೆ ಗುಂಡು ಎಲ್ಲಿಗೋ ಹೋಗುತ್ತಿತ್ತು. ಅವಳು ರೈಫಲಿನ ಗುರಿಕಿಂಡಿಯ ತಿರುಪನ್ನು ಗಾಳಿಗೆ ತಕ್ಕಂತೆ ಒಂದಿಷ್ಟು ತಿರುಗಿಸಿದಳು. ಅರ್ಧ ಉಸಿರು ಹೊರಬಿದ್ದಿತು. ಗುಂಡು ಸಿಡಿಯಿತು.

ಹಲಗೆ ಕಂದಕದೊಳಕ್ಕೆ ಇಳಿಯಿತು, ಏಳಲಿಲ್ಲ. ಒಳಗಿನವರು ತೂತನ್ನು ಅಳೆಯುತ್ತಿದ್ದರೋ, ಹುಡುಕುತ್ತಿದ್ದರೋ. ಫರ್ಗಸ್ ಬೆನ್ನು ತಿರುಗಿಸಿ ಕಡಲು ನೋಡುತ್ತ ನಿಂತ. ಕೊನೆಗೂ ಅದು ಮೇಲೆದ್ದಾಗ ತೂತಿಗೆ ಸಿಕ್ಕಿಸಿದ ಗುರುತಿನ ಬಿಲ್ಲೆ ಕಪ್ಪಿನ ಅಂಚುಗೆರೆಯನ್ನು ಕಚ್ಚಿಕೊಂಡಿತ್ತು. ಒಳಗೇ.

ನಾವು ಕೂಗಿದೆವು. ಅವಳು ಎದ್ದು ಕೋಟಿನ ಹುಲ್ಲು ಕೊಡವಿಕೊಂಡಳು. "ಗಾಳಿನ ಸ್ವಲ್ಪ ಕಮ್ಮಿ ಅಂದ್ಕೊಂಡೆ," ಎಂದಳು; ಆಮೇಲೆ ಹುಲ್ಲಿನ ಮೇಲೆಯೇ ಕುಸಿದು ಕೂತಳು.

ಸ್ಕಾಟ್ಲೆಂಡಿಗಾಗಿ ಇನ್ನೆರಡು ಬೇಸಿಗೆ ಆಡಿ, ತಾನಾಗಿಯೇ ರೈಫಲು ಕೆಳಗಿಟ್ಟಳು. ಆ ಸೋಲಿನ ಚಳಿಗಾಲಗಳಲ್ಲಿ ಪ್ರತಿ ಶನಿವಾರವೂ ಮೈದಾನಕ್ಕೆ ಇಳಿಯುವ ಮುನ್ನ ಕಾರಿನ ಬಾಗಿಲು ಹಿಡಿದು ಅವಳು ಗಡಗಡ ನಡುಗುತ್ತಿದ್ದಳೆಂದು ಫರ್ಗಸ್ ಬಹಳ ತಡವಾಗಿ ನನಗೆ ಹೇಳಿದ. ಕೌಶಲವುಳ್ಳವರಿಗೆ ಲೋಕದಲ್ಲಿ ಬರವಿಲ್ಲ. ಆದರೆ ತಮ್ಮ ಕೌಶಲವನ್ನು ಕಣ್ತುಂಬ ಕಂಡವರ ಎದುರಿನಲ್ಲೇ ಮತ್ತೆ ಮಗುವಿನಂತೆ ತೊದಲಲು ಒಪ್ಪುವವರು ವಿರಳ. ಅವರನ್ನು ನಾವು ಶಾಂತಚಿತ್ತರೆಂದು ಹೊಗಳುತ್ತೇವೆ. ಅವರೋ ನಮ್ಮೆಲ್ಲರಿಗಿಂತ ಹೆಚ್ಚು ನಡುಗಿರುತ್ತಾರೆ, ಮತ್ತು ನಡುಗುತ್ತಲೇ ಬಾಗಿಲು ತೆರೆದು ಇಳಿದಿರುತ್ತಾರೆ.